ನಿಮಗಿದು ಗೊತ್ತೆ? ಎತ್ತರಕ್ಕೆ ಹೆದರಿದರೆ ಕಿರೀಟವಿಲ್ಲ!

ಜರ್ಮನಿಯ ನ್ಯೂರೆಂಬರ್ಗ್ ನಗರದ ಕ್ರಿಸ್‌ಮಸ್ ಸಂತೆಯನ್ನು ಉದ್ಘಾಟಿಸುವುದು ಹದಿಹರೆಯದ ಒಬ್ಬ ಹುಡುಗಿ! ಮಕ್ಕಳಿಗೆ ಉಡುಗೊರೆ ತರುವ ‘ಕ್ರಿಸ್ಟ್‌ಕಿಂಡ್’ ಎಂಬ ದೇವದೂತೆಯ ವೇಷ ಅವಳದು. ಗುಂಗುರು ಹೊಂಗೂದಲು, ತಲೆಯ ಮೇಲೆ ಎತ್ತರದ ಕಿರೀಟ, ಕೈ ಚಾಚಿದರೆ ರೆಕ್ಕೆಯಂತೆ ಬಿಚ್ಚಿಕೊಳ್ಳುವ ಬಂಗಾರದ ಬಣ್ಣದ ತೋಳುಗಳು.

ಈ ಪಾತ್ರ ಸುಲಭಕ್ಕೆ ಸಿಗುವಂಥದ್ದಲ್ಲ. ವಯಸ್ಸು 16ರಿಂದ 19ರೊಳಗಿರಬೇಕು. ಎತ್ತರ ಕನಿಷ್ಠ 160 ಸೆಂ.ಮೀ. ಇರಬೇಕು. ಚಳಿ, ಮಳೆಗೆ ಜಗ್ಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಎತ್ತರದಲ್ಲಿ ನಿಂತರೆ ತಲೆ ತಿರುಗಬಾರದು! ಏಕೆಂದರೆ ಫ್ರೌಯೆನ್‌ಕಿರ್ಖೆ ಚರ್ಚಿನ ಮೇಲಂತಸ್ತಿನ ಮೊಗಸಾಲೆಯಲ್ಲಿ ನಿಂತು, ಕೆಳಗಿನ ಚೌಕದಲ್ಲಿ ಕಿಕ್ಕಿರಿದ ಜನರಿಗೆ ಅವಳು ಸ್ವಾಗತದ ಪದ್ಯ ಹೇಳಬೇಕು.

ಮೊದಲು ಈ ವೇಷವನ್ನು ವೃತ್ತಿಪರ ನಟಿಯರೇ ಹಾಕುತ್ತಿದ್ದರು. 1969ರಿಂದ ಊರಿನ ಹುಡುಗಿಯರಿಗೇ ಈ ಭಾಗ್ಯ. ಎರಡು ವರ್ಷಕ್ಕೊಮ್ಮೆ ಆಯ್ಕೆ ನಡೆಯುತ್ತದೆ. ಹಬ್ಬದ ದಿನಗಳಲ್ಲಿ ಅವಳಿಗೆ ಬಿಡುವೆಂಬುದೇ ಇಲ್ಲ. ಆಸ್ಪತ್ರೆ, ವೃದ್ಧಾಶ್ರಮ, ಶಿಶುವಿಹಾರಗಳಿಗೂ ಹೋಗಿ ಬರುತ್ತಾಳೆ. ಈ ಓಡಾಟವೇ ಆ ಪಾತ್ರದ ನಿಜವಾದ ಸೊಗಸು.

ಮನೆಮಂದಿಯೆಲ್ಲ ಈ ಕ್ರಿಸ್‌ಮಸ್ ಸಂತೆಗೆ ಹೋದರೆ ಪುಟಾಣಿಗಳಿಗೆಂದೇ ಪಕ್ಕದಲ್ಲಿ ಪ್ರತ್ಯೇಕ ಸಂತೆಯಿದೆ. ಅಲ್ಲಿ ಎರಡಂತಸ್ತಿನ ತಿರುಗುಕುದುರೆ, ಪುಟ್ಟ ಉಗಿಬಂಡಿ ಕಾದಿರುತ್ತವೆ.