ಬೀಜ ಕಟ್ಟದ ಹೂವು

ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿನ ಸ್ತಂಭದಲ್ಲಿ ಕ್ರಿಸ್ತಶಕ 5ನೆಯ ಶತಮಾನದ ಕವಿ ಕುಬ್ಜನು ಸಂಸ್ಕೃತದಲ್ಲಿ ರಚಿಸಿದ ಪ್ರಶಸ್ತಿಯು, ಮನೆಯ ಬಳಿ ಬೆಳೆದ ಕದಂಬವೃಕ್ಷವನ್ನು ಆದರದಿಂದ ಪೋಷಿಸಿದ ಕುಲವೊಂದು ಆ ವೃಕ್ಷದ ಹೆಸರನ್ನೇ ತನ್ನ ಹೆಸರಾಗಿ ಧರಿಸಿತೆಂದು ತಿಳಿಸುತ್ತದೆ. ಹೂಮರದಿಂದ ರಾಜವಂಶವು ನಾಮವನ್ನು ಪಡೆದ ಈ ಸೀಮೆಯಲ್ಲಿ, ಶಿಕಾರಿಪುರದಿಂದ ಸೊರಬದವರೆಗೆ ಹಬ್ಬಿರುವ ಶುಂಠಿಯ ಹೊಲಗಳಿಗೂ ಹೂವುಂಟೆಂಬುದನ್ನು ಗಮನಿಸುವವರು ವಿರಳ.

ಮುಂಗಾರಿಗೆ ಮೊದಲು ಏರುಮಡಿಯಲ್ಲಿ ಊರಿದ ಗಡ್ಡೆಯು ಮಳೆಯಲ್ಲಿ ಎಲೆಯೊಡೆದು, ಮಳೆಗಾಲ ಹಿಂಜರಿಯುವ ವೇಳೆಗೆ, ಎಲೆಗಾಂಡದ ತುದಿಯಲ್ಲಲ್ಲದೆ ಬುಡದ ನೆಲದಿಂದಲೇ ಗಿಡ್ಡನೆಯ ಹೂದಂಡೊಂದನ್ನು ಕೆಲವೆಡೆ ಮೇಲಕ್ಕೆ ಕಳುಹಿಸುತ್ತದೆ. ಒಂದರ ಮೇಲೊಂದು ಹೊದ್ದ ಹಸುರು ಪೊರೆಗಳ ಸಂದಿನಿಂದ ಹೊರಬರುವ ಹೂ ಹಳದಿ ಬೆರೆತ ಹಸುರು; ಅದರ ತುಟಿ ಕಡುನೇರಳೆ, ತುಟಿಯ ಮೇಲೆ ನಸುಹಳದಿಯ ಚುಕ್ಕೆಗಳು. ತುಟಿಯೆಂದು ನಾವು ಕರೆಯುವ ಈ ಭಾಗವು ನಿಜವಾಗಿ ದಳವೇ ಅಲ್ಲ. ಶುಂಠಿಯ ಕುಟುಂಬದ ಹೂವಿನಲ್ಲಿ ಪರಾಗ ಹೊರುವ ಕೇಸರ ಒಂದೇ ಒಂದು. ಉಳಿದ ಕೇಸರಗಳಲ್ಲಿ ಕೆಲವು ಪರಾಗವನ್ನು ತೊರೆದು, ಪರಸ್ಪರ ಕೂಡಿ, ದಳದ ರೂಪವನ್ನು ತಾಳಿವೆ. ಎಳೆಯಂತೆ ನವುರಾದ ಶಲಾಕೆಯು ಆ ಏಕೈಕ ಕೇಸರದ ಎರಡು ಪರಾಗಕೋಶಗಳ ನಡುವಣ ತೋಡಿನಲ್ಲಿ ಆಸರೆ ಪಡೆದು ಏರಿ, ಅದರ ನೆತ್ತಿಯ ಮೇಲೆ ತಲೆಯಿಡುತ್ತದೆ. ಏಲಕ್ಕಿಯಲ್ಲಿಯೂ ಅರಿಶಿನದಲ್ಲಿಯೂ, ಸಂಜೆ ಬಿರಿದು ಇರುಳಿನ ಪತಂಗಗಳನ್ನು ಕರೆಯುವ ಸುರುಳಿ ಸುಗಂಧಿಯಲ್ಲಿಯೂ ಇದೇ ರಚನೆ. ಇಷ್ಟು ಸೂಕ್ಷ್ಮವಾದ ಏರ್ಪಾಡನ್ನು ನಮ್ಮ ಶಾಲೆಯ ಮಕ್ಕಳಿಗೆ ಹೊಲದ ಬದುವಿನಲ್ಲಿಯೇ ತೋರಿಸಬಹುದಲ್ಲವೆ?

ಆದರೆ ಶುಂಠಿಯ ಹೂವು ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಅರಿಶಿನಕ್ಕೆ ವರ್ಣತಂತುಗಳು ಮೂರು ಪಾಲಾಗಿ 63 ಇರುವುದರಿಂದ ಬೀಜ ದುರ್ಲಭ. ಶುಂಠಿಯಲ್ಲಿ ಫಲವತ್ತಾದ ಪರಾಗವೇ ಕಡಿಮೆ. ಆದಕಾರಣ ಗಡ್ಡೆಯ ತುಂಡಿನಿಂದಲೇ ಸಂತಾನ; ತಾಯಿ ಗಡ್ಡೆಯ ಗುಣಗಳೆಲ್ಲ ಮರಿಗೆ. ಹೊಸ ಗುಣವೊಂದು ಹುಟ್ಟುವ ದಾರಿಯೇ ಇಕ್ಕಟ್ಟಾದುದರಿಂದ, ನೀರು ನಿಂತ ಮಡಿಯಲ್ಲಿ ಕೊಳೆರೋಗ ತಲೆಯೆತ್ತಿದರೆ ಅದನ್ನು ತಡೆದು ನಿಲ್ಲಬಲ್ಲ ಗಿಡವು ಹೊಲದಲ್ಲಿ ಸಿಗುವುದು ಅಪರೂಪ. ಎಲೆ ಹಳದಿಯಾಗಿ, ಕಾಂಡ ಎಳೆದರೆ ಬುಡದಿಂದ ಕಳಚಿ ಕೈಗೆ ಬರುವ ಆ ದಿನ, ಗುತ್ತಿಗೆಗೆ ನೆಲ ಹಿಡಿದು ಸಾಲದ ಹಣದಲ್ಲಿ ಬಿತ್ತನೆ ತಂದ ರೈತನ ಸಂಕಟವನ್ನು ಮಾತಿನಲ್ಲಿ ಹೇಳಲಾಗದು. ಬಸಿಗಾಲುವೆ ತೋಡುವುದು, ಆರೋಗ್ಯವಾದ ಗಡ್ಡೆ ಆರಿಸುವುದು, ಅದೇ ನೆಲದಲ್ಲಿ ಮರುವರ್ಷ ಶುಂಠಿ ಹಾಕದಿರುವುದು ಅವಶ್ಯವೇ ಸರಿ. ಹೂವಿನೊಳಗಿನ ಕೊರತೆಯನ್ನು ಮಾತ್ರ ಇವು ತುಂಬಲಾರವು.

ಆದುದರಿಂದಲೇ, ಆ ಕೊರತೆಯನ್ನು ತುಂಬುವ ಗುಣ ಅಡಗಿರಬಹುದಾದ ಶುಂಠಿಯ ಕಾಡುಬಂಧುಗಳ ಮೇಲೆ ನನ್ನ ಮಮತೆ. ಎಲೆ ಮೂಡುವ ಮೊದಲೇ ಬರಿಯ ನೆಲದಿಂದ ಅರಳುವ ನೆಲಸಂಪಿಗೆ, ಮಳೆಗಾಲದ ಕಾಡಿನಂಚಿನಲ್ಲಿ ಗುಲಾಬಿ ಬಣ್ಣದ ಜುಟ್ಟು ಹೊತ್ತು ನಿಲ್ಲುವ ಕಾಡರಿಶಿನ, ಕಾಡುಶುಂಠಿ—ಇವು ಸಾಗುವಳಿಗೆಂದು ಸವರಿದ ಕಾನಿನ ಅಂಚಿನೊಡನೆ ಸದ್ದಿಲ್ಲದೆ ಹೋಗಿಬಿಡುತ್ತವೆ. ಇವುಗಳೆಲ್ಲ ನಾಳೆಯೇ ಶುಂಠಿಗೆ ರಕ್ಷಣೆ ಕೊಡುವುವೆಂದು ನಾನು ಹೇಳೆನು. ಕಳೆದುಹೋದ ಬಳಿಕ ಹುಡುಕಲು ಸಾಧ್ಯವಿಲ್ಲವೆಂಬುದಂತೂ ದಿಟ. ಸಾಗರದ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವಿದೆ. ಅಲ್ಲಿ ಈ ಕುಟುಂಬದ ಮಲೆನಾಡಿನ ಗಿಡಗಳಿಗೆಲ್ಲ ಒಂದೊಂದು ಮಡಿ ಮೀಸಲಾಗಲಿ. ಹಿತ್ತಿಲಿನಿಂದ, ಕಾನಿನಂಚಿನಿಂದ ಒಂದು ಗಡ್ಡೆಯನ್ನು ಒಯ್ದು ಕೊಡಲು ತಾಳಗುಂದದ ಆಸುಪಾಸಿನ ರೈತರು ಹಿಂಜರಿಯಲಾರರು.