ಮೂಗಿಗಿಂತ ಮೂಗುತಿ ಭಾರ: ಸಾಗಣೆ ವೆಚ್ಚದ ಹೆಸರಿನಲ್ಲಿ ಅಡಗಿದ ಲಾಭ

(ಜುಮಾ ಖುತ್ಬಾದ ಸಾರಾಂಶ)



ಕಳೆದ ತಿಂಗಳು ಒಂದು ದಿನ ಅಸರ್ ನಮಾಝ್ ಮುಗಿಸಿ ಹೊರಬರುವಾಗ ನಮ್ಮ ಜಮಾಅತಿನ ವಯಸ್ಸಾದ ತಾಯಿಯೊಬ್ಬರು ಮಸೀದಿಯ ಗೇಟಿನ ಬಳಿ ನಿಂತಿದ್ದರು. ಕೈಯಲ್ಲಿ ಮಡಚಿದ ಒಂದು ಬಿಲ್ಲು. "ಹಜ್ರತ್, ಇದನ್ನು ಸ್ವಲ್ಪ ಓದಿ ಹೇಳಿ. ನನ್ನ ಲೆಕ್ಕ ತಪ್ಪೋ, ಅವರ ಲೆಕ್ಕ ತಪ್ಪೋ?" ಎಂದರು.

ಮೊಬೈಲಿನಲ್ಲಿ ಬಂದ ಜಾಹೀರಾತು ನೋಡಿ ಮೊಮ್ಮಗನ ಕೈಯಲ್ಲಿ ಒಂದು ಜಾನಮಾಝ್ ತರಿಸಿದ್ದರು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿದ್ದ ಬೆಲೆ 149 ರೂಪಾಯಿ. ಮನೆ ಬಾಗಿಲಿಗೆ ಬಂದ ಹುಡುಗ ಕೇಳಿದ್ದು 368 ರೂಪಾಯಿ. ಬಿಲ್ಲಿನಲ್ಲಿ ಹೀಗಿತ್ತು: ವಸ್ತುವಿಗೆ 149, ಶಿಪ್ಪಿಂಗ್‌ಗೆ 149, ಹ್ಯಾಂಡ್ಲಿಂಗ್‌ಗೆ 45, ಕ್ಯಾಶ್ ಆನ್ ಡೆಲಿವರಿಗೆ 25. ಬಟ್ಟೆ ತೆಳುವಾಗಿತ್ತು, ಬಣ್ಣವೂ ಬೇರೆ. ವಾಪಸು ಕಳುಹಿಸಿದರು. ಮೊಮ್ಮಗನ ಖಾತೆಗೆ ಮರಳಿ ಬಂದದ್ದು 149 ಮಾತ್ರ. ವಿಧವಾ ವೇತನದಲ್ಲಿ ದಿನ ದೂಡುವ ಆ ತಾಯಿಗೆ 219 ರೂಪಾಯಿ ಸಣ್ಣ ಮೊತ್ತವಲ್ಲ. "ಜಾನಮಾಝ್ ಇಲ್ಲ, ಅದನ್ನು ತಂದ ಕೂಲಿ ಮಾತ್ರ ನಾನು ಕೊಟ್ಟ ಹಾಗಾಯಿತು" ಎಂದರು.

ಅದೇ ವಾರ ಇಶಾ ನಂತರ ಒಬ್ಬ ಯುವಕ ಬಂದ. ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂಲಕ ಅತ್ತರ್ ಮಾರುವವನು. "ಹಜ್ರತ್, ನಾನು ಬಾಟಲಿಗೆ 199 ಎಂದು ಹಾಕುತ್ತೇನೆ. ಕೊರಿಯರ್ ಎಂದು 120 ತೆಗೆದುಕೊಳ್ಳುತ್ತೇನೆ. ಕೊರಿಯರ್‌ನವರಿಗೆ ಕೊಡುವುದು ಸುಮಾರು 50. ಎಲ್ಲರೂ ಹೀಗೇ ಮಾಡುತ್ತಾರೆ. ಇದು ಹಲಾಲೇ?" ಎಂದು ಕೇಳಿದ.

ಕಳೆದುಕೊಂಡವರೂ ನಮ್ಮವರು, ತೆಗೆದುಕೊಳ್ಳುವವರೂ ನಮ್ಮವರು. ಆ ವಾರದ ಖುತ್ಬಾಕ್ಕೆ ಈ ಎರಡು ಪ್ರಶ್ನೆಗಳನ್ನೇ ಆರಿಸಿಕೊಂಡೆ. ಮಿಂಬರಿನ ಮೇಲೆ ಸಮಯ ಸಾಲದೆ ಬಿಟ್ಟ ಕೆಲವು ವಿವರಗಳನ್ನೂ ಇಲ್ಲಿ ಸೇರಿಸಿದ್ದೇನೆ.

ವೆಚ್ಚ ಯಾವುದು, ಲಾಭ ಯಾವುದು?

ಮೊದಲು ನ್ಯಾಯದ ಮಾತು. ವಸ್ತುವನ್ನು ಮನೆಗೆ ತಲುಪಿಸಲು ಖರ್ಚಿದೆ. ಪೆಟ್ಟಿಗೆ, ಟೇಪು, ಚೀಟಿ, ಪ್ಯಾಕ್ ಮಾಡುವವರ ಕೂಲಿ, ತೂಕ ಮತ್ತು ದೂರದ ಮೇಲೆ ಕೊರಿಯರ್ ದರ, ನಗದು ವಸೂಲಿಯ ಶುಲ್ಕ ಇವೆಲ್ಲ ನಿಜವಾದ ವೆಚ್ಚಗಳು. ಬಿಸಿಲು ಮಳೆಯಲ್ಲಿ ಬೈಕಿನಲ್ಲಿ ಬರುವ ಹುಡುಗನ ದುಡಿಮೆಯೂ ಇದರಲ್ಲಿದೆ. ಸಾಗಣೆಗೆ ಹಣ ಕೇಳುವುದು ತಪ್ಪಲ್ಲ.

ಇದು ಹೊಸದೂ ಅಲ್ಲ. ನಮ್ಮ ಬಾಲ್ಯದಲ್ಲಿ ವಿ.ಪಿ.ಪಿ. ಎಂಬ ಅಂಚೆ ವ್ಯವಸ್ಥೆ ಮನೆಮಾತಾಗಿತ್ತು. ಪತ್ರಿಕೆಯ ಜಾಹೀರಾತು ನೋಡಿ ಕಾರ್ಡು ಬರೆದರೆ ಅಂಚೆಯಣ್ಣ ಪಾರ್ಸೆಲ್ ತರುತ್ತಿದ್ದ. ಹಣ ಕೊಟ್ಟರೆ ಮಾತ್ರ ಪಾರ್ಸೆಲ್ ಕೈಗೆ. ಆ ಹಣ ಮನಿಯಾರ್ಡರ್ ಆಗಿ ಮಾರಿದವನಿಗೆ ಹೋಗುತ್ತಿತ್ತು. ಅಂದೂ ಬೆಲೆಯ ಪಕ್ಕದಲ್ಲಿ 'ಅಂಚೆ ವೆಚ್ಚ ಪ್ರತ್ಯೇಕ' ಎಂಬ ಸಣ್ಣ ಸಾಲು ಇರುತ್ತಿತ್ತು. ಆ 'ಪ್ರತ್ಯೇಕ' ಎಷ್ಟೆಂದು ತಿಳಿಯುತ್ತಿದ್ದುದು ಅಂಚೆಯಣ್ಣ ಬಾಗಿಲಲ್ಲಿ ನಿಂತಾಗಲೇ.

ವೆಚ್ಚದ ಹೆಸರಿನಲ್ಲಿ ಲಾಭವನ್ನು ಬಚ್ಚಿಟ್ಟಾಗ ತೊಂದರೆ ಶುರುವಾಗುತ್ತದೆ. ಮೂಗಿಗಿಂತ ಮೂಗುತಿ ಭಾರವಾದರೆ ಮೂಗುತಿಯೊಳಗೆ ಬೇರೇನೋ ತುಂಬಿದ್ದಾರೆ ಎಂದರ್ಥ.

ಹೀಗೇಕೆ ಮಾಡುತ್ತಾರೆ?

ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಒಂದು, ಕಣ್ಣಿಗೆ ಬೀಳುವುದು ಮೊದಲ ಅಂಕಿ. 319 ರೂಪಾಯಿಯ ಅತ್ತರಿಗಿಂತ 199 ರೂಪಾಯಿಯ ಅತ್ತರ್ ಅಗ್ಗವಾಗಿ ಕಾಣುತ್ತದೆ. ಕಡಿಮೆ ಬೆಲೆಯಿಂದ ಆರಂಭಿಸಿ ಪಟ್ಟಿ ತೋರಿಸು ಎಂದು ಮೊಬೈಲಿಗೆ ಹೇಳಿದರೆ ಆ ಬಾಟಲಿಯೇ ಮೇಲೆ ಬರುತ್ತದೆ. ಹೆಸರು, ವಿಳಾಸ, ಪಿನ್‌ಕೋಡ್ ಎಲ್ಲ ತುಂಬಿಸಿದ ಮೇಲೆ ಕೊನೆಯ ಪುಟದಲ್ಲಿ ಉಳಿದ ಹಣ ಸೇರುತ್ತದೆ. ಅಷ್ಟು ಹೊತ್ತಿಗೆ ಮನಸ್ಸು ಆ ವಸ್ತುವನ್ನು ತನ್ನದಾಗಿಸಿಕೊಂಡಿರುತ್ತದೆ. ಹಿಂದೆ ಸರಿಯುವವರು ಕಡಿಮೆ.

ಎರಡು, ವಾಪಸಾತಿಯ ಲೆಕ್ಕ. ಅನೇಕರು 'ವಸ್ತುವಿನ ಬೆಲೆ ಮರಳಿಸುತ್ತೇವೆ, ಸಾಗಣೆ ವೆಚ್ಚ ಮರಳಿಸುವುದಿಲ್ಲ' ಎಂಬ ನಿಯಮ ಇಟ್ಟಿರುತ್ತಾರೆ. ಲಾಭವನ್ನು ಸಾಗಣೆಯ ಖಾನೆಯಲ್ಲಿ ಇಟ್ಟರೆ ಗ್ರಾಹಕ ವಸ್ತುವನ್ನು ಹಿಂತಿರುಗಿಸಿದರೂ ಲಾಭ ಮಾರಿದವನ ಬಳಿಯೇ ಉಳಿಯುತ್ತದೆ. ಆ ತಾಯಿಗೆ ಆದದ್ದು ಇದೇ.

ಮೂರು, ಕಮಿಷನ್ ತಪ್ಪಿಸುವ ಉಪಾಯ. ಅಮೆರಿಕದ ಇಬೇ ತಾಣದಲ್ಲಿ ಮೊದಲು ಮಾರಾಟಗಾರರ ಅಂತಿಮ ಕಮಿಷನ್ ವಸ್ತುವಿನ ಬೆಲೆಯ ಮೇಲೆ ಮಾತ್ರ ಇತ್ತು. ಹಾಗಾಗಿ ಕೆಲವರು ವಸ್ತುವಿಗೆ ಅತಿ ಕಡಿಮೆ ಬೆಲೆ, ಸಾಗಣೆಗೆ ಅತಿ ಹೆಚ್ಚು ಹಣ ಹಾಕುತ್ತಿದ್ದರು. 2011ರಲ್ಲಿ ಆ ಸಂಸ್ಥೆ ಸಾಗಣೆಯ ಹಣದ ಮೇಲೂ ಕಮಿಷನ್ ವಿಧಿಸಲು ಆರಂಭಿಸಿತು.

'ಒಂದು ಕೊಂಡರೆ ಇನ್ನೊಂದು ಉಚಿತ'

ಈ ತಂತ್ರ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅಮೆರಿಕದ್ದೇ ಒಂದು ಪ್ರಕರಣವಿದೆ. ಅಲ್ಲಿ ಟಿ.ವಿ. ಜಾಹೀರಾತುಗಳ ಮೂಲಕ ಮಾರುವ ಆಲ್‌ಸ್ಟಾರ್ ಎಂಬ ಕಂಪನಿ ಬಾಗಿಲಿಗೆ ಹಾಕುವ ಸೊಳ್ಳೆ ಪರದೆಯನ್ನು 19.95 ಡಾಲರ್‌ಗೆ ಕೊಟ್ಟು ಎರಡನೆಯದು ಉಚಿತ ಎಂದು ಹೇಳುತ್ತಿತ್ತು. ಆದರೆ ಪ್ರತಿ ಪರದೆಗೂ 7.95 ಡಾಲರ್ 'ಪ್ರೊಸೆಸಿಂಗ್ ಮತ್ತು ಹ್ಯಾಂಡ್ಲಿಂಗ್' ಶುಲ್ಕ ಸೇರುತ್ತಿತ್ತು. 'ಉಚಿತ' ಪರದೆಗೂ ಶುಲ್ಕ! ಒಟ್ಟು 35.85 ಡಾಲರ್. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಯಾರ್ಕ್ ರಾಜ್ಯ ಈ ಬಗ್ಗೆ ಕ್ರಮ ಕೈಗೊಂಡವು. 2015ರಲ್ಲಿ ಕಂಪನಿ 80 ಲಕ್ಷ ಡಾಲರ್ ಕೊಡಲು ಒಪ್ಪಿ ಪ್ರಕರಣ ಇತ್ಯರ್ಥವಾಯಿತು. ಅದರ ಬಹುಭಾಗ ಗ್ರಾಹಕರಿಗೆ ಮರಳಿಸಲೆಂದೇ ಇತ್ತು.

ಒಬ್ಬೊಬ್ಬರಿಂದ ಹೋದದ್ದು ಕೆಲವೇ ಡಾಲರ್. ಯಾರೂ ಅದಕ್ಕಾಗಿ ಕೋರ್ಟು ಹತ್ತುವುದಿಲ್ಲ. ಈ ವ್ಯಾಪಾರ ನಿಂತಿರುವುದೇ ಆ ನಂಬಿಕೆಯ ಮೇಲೆ.

ಶರೀಅತ್ ಏನು ಹೇಳುತ್ತದೆ?

ಮದೀನಾದಲ್ಲಿ ಬೆಲೆ ಏರಿದಾಗ ಜನರು ಬೆಲೆ ನಿಗದಿ ಮಾಡಿಕೊಡಿ ಎಂದು ಪ್ರವಾದಿ(ಸ)ಯವರನ್ನು ಕೇಳಿದರು. ಅವರು ಹಾಗೆ ಮಾಡಲಿಲ್ಲ. ಆದ್ದರಿಂದ ಹೆಚ್ಚು ಲಾಭ ಇಟ್ಟದ್ದಷ್ಟಕ್ಕೇ ಯಾರನ್ನೂ ಪಾಪಿ ಎನ್ನಲಾಗದು. ಆದರೆ ಅದೇ ಪ್ರವಾದಿ(ಸ)ಯವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದರು. ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಕೇಳಿದರು. ಮೋಸ ಮಾಡುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಹದೀಸ್ ಇದೆ.

ಇಂದಿನ ಮೊಬೈಲ್ ಪುಟವೂ ಒಂದು ರಾಶಿಯೇ. ಮೇಲೆ ಒಣ ಅಂಕಿ, ಕೆಳಗೆ ತೇವದ ಅಂಕಿ.

ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದ 29ನೇ ಸೂಕ್ತದಲ್ಲಿ ಪರಸ್ಪರರ ಸಂಪತ್ತನ್ನು ಅನ್ಯಾಯವಾಗಿ ತಿನ್ನುವುದನ್ನು ನಿಷೇಧಿಸಿ, ಪರಸ್ಪರ ಒಪ್ಪಿಗೆಯ ವ್ಯಾಪಾರವನ್ನು ಅನುಮತಿಸಿದೆ. ಗೊತ್ತಿಲ್ಲದ ವಿಷಯಕ್ಕೆ ಒಪ್ಪಿಗೆ ಇರಲು ಸಾಧ್ಯವಿಲ್ಲ. ಹಣ ಯಾತಕ್ಕೆ ಹೋಗುತ್ತಿದೆ ಎಂದು ತಿಳಿದಾಗ ಮಾತ್ರ ಒಪ್ಪಿಗೆ ಪೂರ್ಣವಾಗುತ್ತದೆ.

ಇಲ್ಲಿ ಫಿಕ್ಹ್‌ನ ಒಂದು ಸೂಕ್ಷ್ಮವಿದೆ. ಅಸಲು ಎಷ್ಟೆಂದು ಹೇಳಿ ಅದರ ಮೇಲೆ ಗೊತ್ತಾದ ಲಾಭವಿಟ್ಟು ಮಾರುವುದಕ್ಕೆ ಮುರಾಬಹ ಎನ್ನುತ್ತಾರೆ. ಲಾಭವಿಲ್ಲದೆ ಅಸಲಿಗೇ ಕೊಡುವುದು ತೌಲಿಯ. ಇವೆರಡೂ ಅಮಾನತ್‌ನ ವ್ಯವಹಾರಗಳು. ಏಕೆಂದರೆ ಕೊಳ್ಳುವವನು ಮಾರುವವನ ಮಾತನ್ನೇ ನಂಬಿರುತ್ತಾನೆ. ತೌಲಿಯದಲ್ಲಿ ಅಸಲನ್ನು ಸುಳ್ಳು ಹೇಳಿದ್ದು ಬಯಲಾದರೆ ಹೆಚ್ಚುವರಿ ಹಣವನ್ನು ಕಳೆಯಬೇಕು ಎಂಬುದು ಇಮಾಮ್ ಅಬೂ ಹನೀಫಾ(ರ) ಅವರ ಅಭಿಪ್ರಾಯ. 'ಇದು ಕೊರಿಯರ್‌ನವರ ಚಾರ್ಜು' ಎಂದು ಹೇಳುವವನು 'ಇದರಲ್ಲಿ ನನಗೆ ಏನೂ ಇಲ್ಲ, ಅಸಲಿಗೇ ಕೊಡುತ್ತಿದ್ದೇನೆ' ಎಂದೇ ಹೇಳಿದಂತೆ. ಆ ಮಾತು ಅಮಾನತ್. 50 ಕೊಟ್ಟು 120 ಎಂದರೆ ಉಳಿದ 70ರಲ್ಲಿ ಸುಳ್ಳು ಬೆರೆತಿದೆ.

ದೇಶದ ಕಾನೂನು

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರ ಜುಲೈಯಲ್ಲಿ ಇ-ಕಾಮರ್ಸ್ ನಿಯಮಗಳು ಬಂದವು. ಅವುಗಳ ಪ್ರಕಾರ ಮಾರಾಟಗಾರನು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕು. ಅದರ ಜೊತೆಗೆ ಡೆಲಿವರಿ, ಅಂಚೆ ಮತ್ತು ಹ್ಯಾಂಡ್ಲಿಂಗ್ ಶುಲ್ಕ, ತೆರಿಗೆ ಇವುಗಳ ವಿಂಗಡಣೆಯನ್ನೂ ಕೊಡಬೇಕು. ಗ್ರಾಹಕನ ಒಪ್ಪಿಗೆಯನ್ನು ಮೊದಲೇ ಟಿಕ್ ಮಾಡಿಟ್ಟ ಚೌಕಗಳ ಮೂಲಕ ಪಡೆಯುವಂತಿಲ್ಲ.

2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 'ಡಾರ್ಕ್ ಪ್ಯಾಟರ್ನ್' ಎಂಬ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ತಡೆಯಲು ಮಾರ್ಗಸೂಚಿ ಹೊರಡಿಸಿತು. ಬೆಲೆಯ ಭಾಗಗಳನ್ನು ಮೊದಲೇ ತೋರಿಸದೆ ಕೊನೆಗೆ ಸೇರಿಸುವ 'ಡ್ರಿಪ್ ಪ್ರೈಸಿಂಗ್', ಕೇಳದ ವಸ್ತುವನ್ನೋ ದೇಣಿಗೆಯನ್ನೋ ಬುಟ್ಟಿಗೆ ಸೇರಿಸುವ 'ಬಾಸ್ಕೆಟ್ ಸ್ನೀಕಿಂಗ್' ಆ ಪಟ್ಟಿಯಲ್ಲಿವೆ.

ಕೊಳ್ಳುವವರಿಗೆ

ಮೊದಲ ಪುಟದ ಬೆಲೆ ನೋಡಿ ಮನಸ್ಸು ಕೊಡಬೇಡಿ. ಕೊನೆಯ ಪುಟದ ಒಟ್ಟು ಮೊತ್ತವನ್ನು ಊರಿನ ಅಂಗಡಿಯ ಬೆಲೆಯೊಂದಿಗೆ ಹೋಲಿಸಿ. ಅಲ್ಲಿ ಟಿಕ್ ಆಗಿರುವ ಚೌಕಗಳಿದ್ದರೆ ತೆಗೆಯಿರಿ. ವಾಪಸು ಮಾಡಿದರೆ ಸಾಗಣೆಯ ಹಣವೂ ಬರುತ್ತದೆಯೇ ಎಂದು ಆರ್ಡರ್ ಮಾಡುವ ಮೊದಲೇ ಓದಿ. ಜಾಹೀರಾತು ಮತ್ತು ಬಿಲ್ಲಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಮೋಸವಾದರೆ ಮೊದಲು ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ದೂರು ತಲುಪಿದೆಯೆಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕೆಂದು ನಿಯಮವಿದೆ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಹೇಳಬಹುದು. ಅಲ್ಲೂ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. 'ಇಷ್ಟು ಸಣ್ಣ ಮೊತ್ತಕ್ಕೆ ಯಾಕೆ' ಎನ್ನಬೇಡಿ. ನೀವು ಸುಮ್ಮನಾದರೆ ಮುಂದಿನ ಮನೆಯ ತಾಯಿಗೂ ಅದೇ ಆಗುತ್ತದೆ.

ಮಾರುವವರಿಗೆ

ನಮ್ಮ ಮನೆಗಳಲ್ಲಿ ಈಗ ಎಷ್ಟೋ ಸಹೋದರಿಯರು ಅಬಾಯ, ಉಪ್ಪಿನಕಾಯಿ, ಖರ್ಜೂರ ಮಾರಿ ಸಂಸಾರ ನಡೆಸುತ್ತಿದ್ದಾರೆ. ಅಲ್ಲಾಹನು ಅವರ ದುಡಿಮೆಯಲ್ಲಿ ಬರಕತ್ ನೀಡಲಿ. ಅವರಿಗೂ ಆ ಯುವಕನಿಗೂ ನಾನು ಹೇಳಿದ್ದು ಒಂದೇ. ಲಾಭವನ್ನು ಲಾಭದ ಜಾಗದಲ್ಲಿಡಿ, ವಸ್ತುವಿನ ಬೆಲೆಯಲ್ಲಿ. ಕೊರಿಯರ್ ಎಂದರೆ ಕೊರಿಯರ್‌ನವರು ತೆಗೆದುಕೊಂಡಷ್ಟೇ ಇರಲಿ. ಪ್ಯಾಕಿಂಗ್‌ಗೆ ಖರ್ಚಾದರೆ ಪ್ಯಾಕಿಂಗ್ ಎಂದೇ ಬರೆಯಿರಿ. ಇಲ್ಲವೇ 'ಮನೆಗೆ ತಲುಪಿಸಿ ಇಷ್ಟು' ಎಂದು ಒಂದೇ ಬೆಲೆ ಹೇಳಿ. ನೀವು ತಪ್ಪು ವಸ್ತು ಕಳುಹಿಸಿದ್ದರೆ ಸಾಗಣೆಯ ಹಣವನ್ನೂ ಮರಳಿಸಿ.

ಯುವಕ ಲೆಕ್ಕ ಹಾಕಿ ನೋಡಿದ. "199 ಮತ್ತು 120 ಸೇರಿದರೆ 319. 269 ಮತ್ತು 50 ಸೇರಿದರೂ 319. ಹಣ ಅಷ್ಟೇ, ಮಾತು ಮಾತ್ರ ಬೇರೆ" ಎಂದ. ಹೌದು, ಮಾತು ಮಾತ್ರ ಬೇರೆ. ನಾಳೆ ಅಲ್ಲಾಹನ ಮುಂದೆ ಲೆಕ್ಕ ಕೊಡಬೇಕಾದುದು ಆ ಮಾತಿಗೇ.

ಆಮೇಲೆ ಅವನೇ ಕಷ್ಟದ ಪ್ರಶ್ನೆ ಕೇಳಿದ: "ಇಷ್ಟು ದಿನ ತೆಗೆದುಕೊಂಡದ್ದು?" ಇಮಾಮ್ ಅಬೂ ಹನೀಫಾ(ರ) ಬಟ್ಟೆ ವ್ಯಾಪಾರಿಯಾಗಿದ್ದರು. ದೋಷವಿದ್ದ ಬಟ್ಟೆಯ ವಿಷಯವನ್ನು ಗ್ರಾಹಕನಿಗೆ ತಿಳಿಸಿಯೇ ಮಾರು ಎಂದು ಪಾಲುದಾರನಿಗೆ ಹೇಳಿದ್ದರು. ಅವನು ಮರೆತು ಮಾರಿಬಿಟ್ಟ. ಕೊಂಡವನು ಯಾರೆಂದು ತಿಳಿಯದೆ ಇಮಾಮರು ಆ ಹಣವನ್ನೆಲ್ಲ ದಾನ ಮಾಡಿದರು ಎಂದು ಅವರ ಜೀವನ ಚರಿತ್ರೆಗಳಲ್ಲಿದೆ. ನಿನ್ನ ಬಳಿಯಂತೂ ಗ್ರಾಹಕರ ನಂಬರುಗಳೇ ಇವೆ, ಸಿಕ್ಕವರಿಗೆ ತಿಳಿಸಿ ಹಣ ಮರಳಿಸು, ಅಥವಾ ಅವರು ಮನಸಾರೆ ಮಾಫ್ ಮಾಡಲಿ, ಸಿಗದವರ ಪಾಲನ್ನು ಅವರ ಹೆಸರಿನಲ್ಲಿ ಸದಕ ಮಾಡು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದು ಹೋದ.

ಎರಡು ವಾರದ ನಂತರ ಬಂದ. ಬೆಲೆಪಟ್ಟಿ ಬದಲಿಸಿದ್ದ. ಮೇಲಿನ ಅಂಕಿ ದೊಡ್ಡದಾದ್ದರಿಂದ ಮೊದಲ ವಾರ ಆರ್ಡರ್ ಇಳಿದಿತ್ತು. ಹಳೆಯ ಗ್ರಾಹಕರಿಗೆ ಮೆಸೇಜು ಕಳುಹಿಸಿದ್ದ. ಕೆಲವರು ಮಾಫ್ ಎಂದರು, ಕೆಲವರು ಹಣ ಕೇಳಿ ಪಡೆದರು, ಒಬ್ಬರು ಸಿಟ್ಟಿನಿಂದ ಬೈದರು. "ಇನ್ನೂ ಅರ್ಧ ಬಾಕಿಯಿದೆ ಹಜ್ರತ್" ಎಂದ. ಮುಖದಲ್ಲಿ ಭಾರವಿತ್ತು, ಆದರೆ ಮೊದಲಿನ ಸಂಶಯ ಇರಲಿಲ್ಲ.

ಆ ತಾಯಿಯ ಮೊಮ್ಮಗ 1915ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆದಿದ್ದಾನೆ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. "ದುಡ್ಡು ಬಂದರೆ ಹೇಳುತ್ತೇನೆ, ನಿಮ್ಮ ಪತ್ರಿಕೆಯಲ್ಲಿ ಹಾಕಿ" ಎಂದಿದ್ದಾರೆ.

ಅಲ್ಲಾಹನು ನಮ್ಮ ಸಂಪಾದನೆಯನ್ನು ಹಲಾಲ್ ಆಗಿರಿಸಲಿ, ನಮ್ಮ ನಾಲಿಗೆ ಮತ್ತು ನಮ್ಮ ಬಿಲ್ಲುಗಳನ್ನು ಸತ್ಯವಾಗಿರಿಸಲಿ. ಆಮೀನ್.