ಸಾಲದ ಬಾಕಿ: ಹಣ ಕೊಡುವ ಮೊದಲು ಕೇಳತಕ್ಕ ದಾಖಲೆಗಳು

ಸಾಲ ಪಡೆದವನು ಅದನ್ನು ತೀರಿಸತಕ್ಕದ್ದು. ಇದರಲ್ಲಿ ಎರಡು ಮಾತಿಲ್ಲ. ಬಾಕಿ ಇದೆಯೆಂದು ಹೇಳುವವನು ಅದನ್ನು ಲೆಕ್ಕಸಮೇತ ತೋರಿಸತಕ್ಕದ್ದು ಎಂಬುದೂ ಅಷ್ಟೇ ಹಳೆಯ ನ್ಯಾಯ. ದೀಪಾವಳಿಯಂದು ಅಹಮದಾಬಾದಿನ ವರ್ತಕರು ಚೋಪಡಾ ಪೂಜೆ ಮಾಡುವುದೂ, ಕನ್ನಡ ನಾಡಿನ ಅಂಗಡಿಗಳಲ್ಲಿ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮವಿಡುವುದೂ ಲೆಕ್ಕದ ಮೇಲಿನ ಗೌರವದ ಕುರುಹುಗಳು. ಕಾನೂನು ಇನ್ನೂ ಒಂದು ಹೆಜ್ಜೆ ಮುಂದಿದೆ. ಲೆಕ್ಕದ ಪುಸ್ತಕದಲ್ಲಿ ಬರೆದಿದೆ ಎಂಬುದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದೆಂದು 1872ರ ಸಾಕ್ಷ್ಯ ಅಧಿನಿಯಮ ವಿಧಿಸಿತ್ತು. 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಬಂದ ಹೊಸ ಅಧಿನಿಯಮವೂ ಈ ತತ್ತ್ವವನ್ನು ಉಳಿಸಿಕೊಂಡಿದೆ.

ಊರು ಬಿಟ್ಟವರ ತೊಡಕು

ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಸಾಲ ಪಡೆದು, ಬಳಿಕ ಉದ್ಯೋಗಕ್ಕಾಗಿ ನರೋಡಾದ ಕೈಗಾರಿಕಾ ವಸಾಹತಿಗೆ ಬಂದು ನೆಲೆಸಿದವನ ವಿಷಯವನ್ನು ಗಮನಿಸೋಣ. ನೋಟೀಸುಗಳು ಹಳೆಯ ವಿಳಾಸಕ್ಕೆ ಹೋಗುತ್ತವೆ. ಈ ನಡುವೆ ಸಾಲ ಕೊಟ್ಟ ಬ್ಯಾಂಕಿನ ಹೆಸರೇ ಅಳಿದಿರಬಹುದು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. 2019ರ ಅದೇ ದಿನ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಸಾಲದ ಕಡತ ಹೀಗೆ ವಡೋದರಾದಲ್ಲಿ ಪ್ರಧಾನ ಕಚೇರಿಯುಳ್ಳ ಬ್ಯಾಂಕಿನ ಪಾಲಾಯಿತು. ಅಪರಿಚಿತನೊಬ್ಬ ದೂರವಾಣಿಯಲ್ಲಿ ಅಳಿದ ಬ್ಯಾಂಕಿನ ಹೆಸರು ಹೇಳಿ ಹಣ ಕೇಳಿದರೆ, ‘ಇಂದು ಈ ಬಾಕಿ ಯಾರಿಗೆ ಸೇರಬೇಕಾದದ್ದು?’ ಎಂಬುದೇ ಮೊದಲ ಪ್ರಶ್ನೆಯಾಗಬೇಕು.

ಇದಕ್ಕೆ ಎರಡು ಬಗೆಯ ಉತ್ತರಗಳುಂಟು. ಕೇಳುವವನು ಕೇವಲ ವಸೂಲಿ ಪ್ರತಿನಿಧಿಯಾಗಿದ್ದರೆ ಸಾಲದಾತ ಬ್ಯಾಂಕೇ. ರಿಸರ್ವ್ ಬ್ಯಾಂಕು 2008ರ ಏಪ್ರಿಲಿನಲ್ಲಿ ನೀಡಿದ ಸೂಚನೆಯಂತೆ, ಬ್ಯಾಂಕು ತಾನು ನೇಮಿಸಿದ ವಸೂಲಿ ಸಂಸ್ಥೆಯ ವಿವರವನ್ನು ಸಾಲಗಾರನಿಗೆ ತಿಳಿಸಬೇಕು. ಪ್ರತಿನಿಧಿಯು ಗುರುತಿನ ಚೀಟಿಯನ್ನೂ ಬ್ಯಾಂಕಿನ ಅಧಿಕಾರಪತ್ರವನ್ನೂ ತೋರಿಸಬೇಕು. ಎರಡನೆಯದಾಗಿ, ಸಾಲವೇ ಬೇರೊಂದು ಕಂಪನಿಗೆ ಮಾರಾಟವಾಗಿರಬಹುದು. ಆಗ ವರ್ಗಾವಣೆಯ ಲಿಖಿತ ನೋಟೀಸನ್ನು ಕೇಳಬೇಕು. ಅದರಲ್ಲಿ ಸಹಿಯೂ, ಸಾಲವನ್ನು ಪಡೆದುಕೊಂಡವರ ಹೆಸರು, ವಿಳಾಸಗಳೂ ಇರತಕ್ಕದ್ದೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮ ಹೇಳುತ್ತದೆ.

ಪತ್ರದಲ್ಲಿ ಏನಿರಬೇಕು?

ಅಮೆರಿಕದಲ್ಲಿ 1977ರ ಕಾನೂನು, ಸಾಲಗಾರನು 30 ದಿನಗಳೊಳಗೆ ಬರೆದು ಪ್ರಶ್ನಿಸಿದರೆ ವಸೂಲಿ ಸಂಸ್ಥೆಯು ಬಾಕಿಯನ್ನು ದೃಢಪಡಿಸುವವರೆಗೆ ವಸೂಲಿಯನ್ನು ನಿಲ್ಲಿಸಬೇಕೆಂದು ವಿಧಿಸಿದೆ. ಭಾರತದಲ್ಲಿ ಆ ಹೆಸರಿನ ಪ್ರತ್ಯೇಕ ಕಾನೂನಿಲ್ಲ. ಆದರೂ ಇಲ್ಲಿನ ನಿಯಮಗಳನ್ನು ಆಧರಿಸಿ ಬರೆದ ಒಂದು ಪತ್ರದಿಂದ ಬಹುಪಾಲು ಅದೇ ಪ್ರಯೋಜನವನ್ನು ಪಡೆಯಬಹುದು. ಪತ್ರವನ್ನು ಬ್ಯಾಂಕಿನ ಶಾಖೆಗೂ ವಸೂಲಿ ಸಂಸ್ಥೆಗೂ ಸ್ಪೀಡ್ ಪೋಸ್ಟಿನಲ್ಲಿಯೋ ಈ-ಮೇಲ್ ಮೂಲಕವೋ ಕಳುಹಿಸಿ, ಪ್ರತಿಯನ್ನು ಕಾದಿರಿಸಬೇಕು. ಕೇಳತಕ್ಕವು ಇವು:

1. ಸಾಲದ ಖಾತೆಯ ಸಂಖ್ಯೆ, ಶಾಖೆ, ಮಂಜೂರಾದ ದಿನಾಂಕ;
2. ಸಹಿ ಮಾಡಿದ ಒಪ್ಪಂದ ಮತ್ತು ಅದರ ಲಗತ್ತುಗಳ ಪ್ರತಿ;
3. ಆರಂಭದಿಂದ ಇಂದಿನವರೆಗಿನ ಖಾತೆಯ ವಿವರಪಟ್ಟಿ;
4. ಅಸಲು, ಬಡ್ಡಿ, ದಂಡಶುಲ್ಕ, ಇತರ ವೆಚ್ಚಗಳ ಪ್ರತ್ಯೇಕ ಲೆಕ್ಕ;
5. ಕೊನೆಯ ಪಾವತಿಯ ದಿನಾಂಕ;
6. ಪ್ರತಿನಿಧಿಯ ಅಧಿಕಾರಪತ್ರ ಅಥವಾ ವರ್ಗಾವಣೆಯ ನೋಟೀಸು.

ಬ್ಯಾಂಕೇತರ ಹಣಕಾಸು ಕಂಪನಿಗಳು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ವ್ಯವಹರಿಸಬೇಕೆಂಬ ನಿಯಮವಿದೆ. ಆದಕಾರಣ ಗುಜರಾತಿ ಓದಲು ಬಾರದವರು ಅದನ್ನೂ ಪತ್ರದಲ್ಲಿ ನಮೂದಿಸಬಹುದು.

ವಿವರಪಟ್ಟಿ ಬಂದ ಮೇಲೆ ಅದನ್ನು ತಾಳೆ ನೋಡಬೇಕು. ಉದಾಹರಣೆಗೆ, ಕೇಳಿದ ಮೊತ್ತ 84,000 ರೂಪಾಯಿ ಆಗಿದ್ದು ಅಸಲು 50,000 ಮಾತ್ರ ಎಂದಾದರೆ, ಉಳಿದ 34,000 ಹೇಗೆ ಬೆಳೆಯಿತೆಂಬುದು ಕಾಣಬೇಕು. ಕಟ್ಟಿದ ಕಂತುಗಳು ಜಮೆಯಾಗಿವೆಯೇ? ಬಡ್ಡಿಯ ದರ ಒಪ್ಪಂದದಂತಿದೆಯೇ? 2023ರ ಆಗಸ್ಟ್ 18ರ ಸುತ್ತೋಲೆಯ ಮೇರೆಗೆ, ಕಂತು ತಪ್ಪಿದ್ದಕ್ಕೆ ವಿಧಿಸುವ ದಂಡಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಅನ್ವಯಿಸಿತು. ಇದರ ಜೊತೆಗೆ, ನಾಲ್ಕು ಸಾಲಮಾಹಿತಿ ಕಂಪನಿಗಳೂ ವರ್ಷಕ್ಕೊಮ್ಮೆ ಉಚಿತವಾಗಿ ಕೊಡುವ ವರದಿಯಲ್ಲಿ ಅದೇ ಖಾತೆ, ಅದೇ ಮೊತ್ತ ಇದೆಯೇ ಎಂದೂ ನೋಡಬೇಕು.

ಒಂದು ಸಹಿಯ ಬೆಲೆ

ಇಲ್ಲಿ ಅತಿ ಎಚ್ಚರ ಬೇಕಾದ ಸಂಗತಿಯೊಂದುಂಟು. 1963ರ ಕಾಲಮಿತಿ ಅಧಿನಿಯಮದ ಪ್ರಕಾರ, ಆಧಾರವಿಲ್ಲದ ಸಾಮಾನ್ಯ ಸಾಲಕ್ಕೆ ದಾವೆ ಹೂಡುವ ಅವಧಿ 3 ವರ್ಷ. ಅಡಮಾನದ ಸಾಲಕ್ಕೆ 12 ವರ್ಷ. ಅವಧಿ ಮುಗಿಯುವ ಮೊದಲು ಸಾಲಗಾರನು ಬಾಕಿಯನ್ನು ಒಪ್ಪಿ ಬರೆದು ಸಹಿ ಹಾಕಿದರೆ ಆ ದಿನದಿಂದ ಹೊಸ ಅವಧಿ ಆರಂಭವಾಗುತ್ತದೆ. ಆತನ ಕೈಬರಹ ಅಥವಾ ಸಹಿಯ ದಾಖಲೆಯುಳ್ಳ ಭಾಗಶಃ ಪಾವತಿಗೂ ಇದೇ ಪರಿಣಾಮ. ಅವಧಿ ಮುಗಿದ ಬಳಿಕವೂ ‘ಕೊಡುತ್ತೇನೆ’ ಎಂದು ಬರೆದು ಸಹಿ ಮಾಡಿದರೆ, 1872ರ ಕರಾರು ಅಧಿನಿಯಮದಂತೆ ಅದು ಹೊಸ ಕರಾರಾಗುತ್ತದೆ. ‘ಸದ್ಯಕ್ಕೆ ಐನೂರು ಕಟ್ಟಿ, ಇಲ್ಲೊಂದು ಸಹಿ ಹಾಕಿ’ ಎಂಬ ಮೃದು ಮಾತಿನ ತೂಕ ಇಷ್ಟು.

ಆದ್ದರಿಂದ ದಾಖಲೆ ಕೇಳುವ ಪತ್ರದಲ್ಲಿ ಈ ವಾಕ್ಯ ಇರುವುದು ಲೇಸು: ‘ತಾವು ತಿಳಿಸಿರುವ ಬಾಕಿಯನ್ನು ಈ ಪತ್ರವು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ, ದಾಖಲೆಗಳನ್ನು ಪರಿಶೀಲಿಸಿದ ಬಳಿಕ ಉತ್ತರಿಸಲಾಗುವುದು.’ ಆದರೆ ಕಾಲಮಿತಿ ಮೀರಿದರೆ ಇಲ್ಲವಾಗುವುದು ದಾವೆಯ ಹಕ್ಕು ಮಾತ್ರ, ಸಾಲವಲ್ಲ ಎಂಬುದನ್ನೂ ಮರೆಯಬಾರದು. ನ್ಯಾಯಾಲಯದ ಸಮನ್ಸಾಗಲಿ, ಅಡವಿಟ್ಟ ಆಸ್ತಿಯ ಬಗ್ಗೆ 2002ರ ಸರ್ಫೇಸಿ ಕಾಯಿದೆಯಡಿ 60 ದಿನಗಳ ನೋಟೀಸಾಗಲಿ ಬಂದರೆ ಪತ್ರ ಬರೆದು ಸುಮ್ಮನಿರದೆ ಒಡನೆ ವಕೀಲರನ್ನು ಕಾಣಬೇಕು.

ಕಿರುಕುಳಕ್ಕೆ ಪರಿಹಾರ

ವಸೂಲಿಗೆ ಬಾಹುಬಲ ಬಳಸುವುದನ್ನು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಪ್ರಕಾಶ್ ಕೌರ್ ಪ್ರಕರಣದಲ್ಲಿ ಖಂಡಿಸಿತು. ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ 12ರ ಸುತ್ತೋಲೆಯು ಬೆಳಗಿನ 8 ಗಂಟೆಗೆ ಮೊದಲು ಮತ್ತು ಸಂಜೆ 7ರ ಬಳಿಕ ವಸೂಲಿಯ ಕರೆಗಳನ್ನು ನಿಷೇಧಿಸಿತು. ಬೆದರಿಕೆಯನ್ನೂ, ಬಂಧುಮಿತ್ರರ ಮುಂದೆ ಅವಮಾನಿಸುವುದನ್ನೂ ತಡೆಯಿತು. ಬ್ಯಾಂಕಿಗೆ ದೂರು ಕೊಟ್ಟು 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಶುಲ್ಕವಿಲ್ಲದೆ ದೂರಬಹುದು. ಊರಿನಲ್ಲಿರುವ ತಂದೆತಾಯಿಗಳ ಬಾಗಿಲಿಗೆ ಕಿರುಸಾಲದವರು ಹೋಗಿ ಪೀಡಿಸುವುದಾದರೆ, ಕರ್ನಾಟಕವು 2025ರ ಫೆಬ್ರವರಿಯಲ್ಲಿ ಹೊರಡಿಸಿದ ಸುಗ್ರೀವಾಜ್ಞೆ ಅಂತಹ ಬಲಾತ್ಕಾರಕ್ಕೆ 10 ವರ್ಷಗಳವರೆಗೆ ಸೆರೆವಾಸವನ್ನು ಗೊತ್ತುಪಡಿಸಿತೆಂಬುದು ನೆನಪಿರಲಿ.

ದಾಖಲೆ ಕೇಳುವುದು ಸಾಲ ತಪ್ಪಿಸಿಕೊಳ್ಳುವ ಉಪಾಯವಲ್ಲ. ಲೆಕ್ಕ ಸರಿಯೆಂದು ಕಂಡರೆ ಹಣವನ್ನು ಸಾಲದ ಖಾತೆಗೇ ಕಟ್ಟಬೇಕು, ಪ್ರತಿನಿಧಿಯ ಖಾಸಗಿ ಖಾತೆಗಲ್ಲ. ಕಡಿಮೆ ಮೊತ್ತಕ್ಕೆ ರಾಜಿಯಾದರೆ ಅದರ ಪತ್ರ ಕೈಸೇರಿದ ಬಳಿಕವೇ ಪಾವತಿ ಮಾಡಿ, ಕೊನೆಗೆ ‘ಬಾಕಿ ಇಲ್ಲ’ ಎಂಬ ಪ್ರಮಾಣಪತ್ರವನ್ನು ಪಡೆಯಬೇಕು. ರೋಗನಿದಾನ ಮಾಡದೆ ಔಷಧ ಕೊಡುವವನು ಒಳ್ಳೆಯ ವೈದ್ಯನಲ್ಲ. ಅಂತೆಯೇ ಲೆಕ್ಕ ನೋಡದೆ, ಅಂಜಿಕೆಯಿಂದ ಕೊಡುವ ಹಣವು ಋಣವನ್ನು ತೀರಿಸಿದಂತೆಯೂ ಅಲ್ಲ, ನಿದ್ದೆಯನ್ನು ಮರಳಿಸುವುದೂ ಇಲ್ಲ.